ಊದದ ನೀರು

ಮತ್ರಾವಿ ಇನ್ನೊಮ್ಮೆ ಎಂಜಲು ನುಂಗಿ ನೋಡಿದ. ನೋವಿರಲಿಲ್ಲ. ಬೆಳಗಿನಿಂದ ಇದೇ ಕೆಲಸವಾಗಿತ್ತು: ನುಂಗುವುದು, ಕಾಯುವುದು, ಎಲ್ಲಾದರೂ ಏನಾದರೂ ತಡೆಯಿತೇ ಎಂದು ಗಂಟಲನ್ನೆಲ್ಲ ಮನಸ್ಸಿನಲ್ಲೇ ತಡವಿ ನೋಡುವುದು. ಜ್ವರವಿಲ್ಲ, ಕೆಮ್ಮಿಲ್ಲ, ಮೊನ್ನೆಯವರೆಗೂ ಬೆಳಗಿನ ಜಾವ ಬಾಂಗು ಕೂಗುವಾಗ ಧ್ವನಿ ಒಡೆದದ್ದೂ ಇಲ್ಲ. ಕನ್ನಡಿಯ ಚೂರನ್ನು ಬೆಳಕಿಗೆ ಹಿಡಿದು ಬಾಯಿ ಅಗಲಿಸಿದರೆ ಒಳಗೆ ಕೆಂಪಗೆ, ಒದ್ದೆಯಾಗಿ, ಐವತ್ತು ದಾಟಿದ ಗಂಡಸಿನ ಗಂಟಲು ಹೇಗಿರಬೇಕೋ ಹಾಗೇ ಕಂಡಿತು. ಅಷ್ಟಕ್ಕೂ ಅವನು ತನ್ನ ಗಂಟಲನ್ನು ನೋಡಿಕೊಂಡದ್ದು ಇದೇ ಮೊದಲು; ಅದು ಹೇಗಿರಬೇಕು ಎಂದು ಅವನಿಗೆ ಗೊತ್ತಾಗುವುದಾದರೂ ಹೇಗೆ? ಅಲ್ಲೇ ಎಲ್ಲೋ ಅದು ಕೂತಿದೆ ಎಂದು ನರ್ಸ್ ಸುಲಾಸ್ತ್ರಿ ನಿನ್ನೆ ಹೇಳಿ ಹೋಗಿದ್ದಳು. ಗಂಟಲುಮಾರಿಯ ಹುಳ. ಹತ್ತಿ ಸುತ್ತಿದ ಕಡ್ಡಿಯೊಂದನ್ನು ಅವನ ನಾಲಗೆಯ ಹಿಂದೆ ಹಾಯಿಸಿ ಒಯ್ದಿದ್ದರಲ್ಲ, ಅದರಲ್ಲಿ ಸಿಕ್ಕಿತಂತೆ. ತನಗೆ ಕಾಣದ, ತನಗೆ ಏನೂ ಮಾಡದ, ತನ್ನದೇ ಬಾಯೊಳಗೆ ಬಾಡಿಗೆ ಕೊಡದೆ ಬೀಡುಬಿಟ್ಟಿರುವ ಒಂದು ಜೀವದ ಬಗ್ಗೆ ಏನು ಯೋಚಿಸಬೇಕೆಂದೇ ಅವನಿಗೆ ತೋಚಲಿಲ್ಲ.

ಮಾತ್ರೆ ಹೊಟ್ಟೆ ತೊಳಸುತ್ತಿತ್ತು. ತೊಳಸುತ್ತದೆ, ಆದರೂ ನಿಲ್ಲಿಸಬಾರದು, ವಾರ ಪೂರ್ತಿ ನುಂಗಬೇಕು, ಆಮೇಲೆ ಮತ್ತೆ ಕಡ್ಡಿ ಹಾಕಿ ನೋಡುತ್ತೇವೆ ಎಂದು ಅವಳು ಮೊದಲೇ ಎಚ್ಚರಿಸಿದ್ದಳು. ಅಲ್ಲಿಯವರೆಗೆ ಯಾರ ಹತ್ತಿರವೂ ಕೂರುವ ಹಾಗಿಲ್ಲ, ಪಾಠವಿಲ್ಲ, ಶುಕ್ರವಾರದ ಪ್ರಾರ್ಥನೆಗೂ ಹೋಗುವ ಹಾಗಿಲ್ಲ. ಆದ್ದರಿಂದ ಹೆಂಡತಿ ಜುಹೈರಿಯಾ ಅವನ ಚಾಪೆ ದಿಂಬುಗಳನ್ನು ಲಂಗಾರಿಗೆ ಸಾಗಿಸಿದ್ದಳು. ಉದ್ದನೆಯ ಅಂಗಳದ ಪೂರ್ವಕ್ಕೆ ಸಾಲಾಗಿ ಮನೆಗಳು, ಪಶ್ಚಿಮದ ತುದಿಗೆ ಮರದ ಕಂಬಗಳ ಮೇಲೆ ನಿಂತ ಈ ಲಂಗಾರು, ಪ್ರಾರ್ಥನೆಯ ಚಾವಡಿ. ಮದುರಾ ದ್ವೀಪದ ಯಾವ ಅಂಗಳವಾದರೂ ಹೀಗೆಯೇ. ಗಂಡಸೊಬ್ಬ ಇಲ್ಲಿ ಒಂಟಿಯಾಗಿ ಮಲಗಿದರೆ ಯಾರೂ ಯಾಕೆಂದು ಕೇಳುವುದಿಲ್ಲ. ಅದೇ ಅನುಕೂಲವೆಂದು ಜುಹೈರಿಯಾ ಹೇಳಿದಾಗ ಅವನೂ ತಲೆಯಾಡಿಸಿದ್ದ. ಊರಿಗೆಲ್ಲ ಹೇಳಿದ್ದು, ಗುರುಗಳು ಒಂದು ವಾರ ಮೌನ ಹಿಡಿದಿದ್ದಾರೆ ಎಂದು. ಅದು ಸುಳ್ಳೇ? ಮಾತಾಡುತ್ತಿಲ್ಲ ಎನ್ನುವುದಂತೂ ನಿಜ. ಸಂಜೆಯಾದರೆ ಮಕ್ಕಳು ಕಾಲು ತೊಳೆದು, ಒದ್ದೆ ಹೆಜ್ಜೆಗಳನ್ನು ಹಲಗೆಯ ಮೇಲೆ ಮೂಡಿಸುತ್ತ ಬಂದು ಕೂರುತ್ತಿದ್ದ ಜಾಗದಲ್ಲಿ ಈಗ ಅವನ ದಿಂಬಿತ್ತು. ಅಂಗಳದಲ್ಲಿ ಬಿದಿರಿನ ತಟ್ಟಿಗಳ ಮೇಲೆ ಸಣ್ಣಗೆ ಹೆಚ್ಚಿದ ಹೊಗೆಸೊಪ್ಪು ಒಣಗುತ್ತಿತ್ತು, ಅದರ ಘಾಟಿಗೆ ಬರುವ ಸೀನನ್ನು ಅವನು ಮೂಗು ಹಿಡಿದು ತಡೆದ. ಸೀನುವುದಕ್ಕೂ ಹೆದರಿಕೆ ಹುಟ್ಟಿಕೊಂಡಿತ್ತು.

ಜುಹೈರಿಯಾ ಜೋಳದ ಅನ್ನ, ಹುರಿದ ಮೀನು ತಂದು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದು ನಿಂತಳು. ಮದುವೆಯಾದಾಗಿನಿಂದ ಅವಳು ಇಷ್ಟು ದೂರ ನಿಂತು ಅವನಿಗೆ ಬಡಿಸಿದ್ದಿಲ್ಲ. ಅವಳ ಗಂಟಲಲ್ಲಿ ಏನೂ ಸಿಕ್ಕಿರಲಿಲ್ಲ. ಅದು ಹೇಗೆ ಎಂದು ಅವನು ನಿನ್ನೆಯಿಂದ ಕೇಳುತ್ತಲೇ ಇದ್ದ. ಒಂದೇ ದಿಂಬು, ಒಂದೇ ಲೋಟ, ಒಂದೇ ಗಾಳಿ. "ನನ್ನ ಬಾಯಿ ಸುಮ್ಮನಿದ್ದರೆ ತಾನೆ ಹುಳ ಕೂರೋದಕ್ಕೆ ಜಾಗ?" ಎಂದು ಅವಳು ನಕ್ಕಳು. ಅವಳು ನಕ್ಕದ್ದು ತನ್ನನ್ನು ಹಗುರ ಮಾಡಲೆಂದೇ ಇರಬೇಕು. ಆದರೆ ನಗುತ್ತಲೇ ಅವಳು ತಲೆವಸ್ತ್ರದ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡದ್ದು ಅವನಿಗೆ ಕಂಡಿತು, ತನಗೆ ಕಂಡಿತೆಂದು ಅವಳಿಗೂ ತಿಳಿಯಿತು, ಇಬ್ಬರೂ ಮೀನಿನ ಕಡೆ ನೋಡಿದರು. ಮೀನು ಚೆನ್ನಾಗಿ ಬೆಂದಿದೆ ಎಂದು ಅವನು ಮುಟ್ಟುವ ಮೊದಲೇ ಹೇಳಿದ.

ಕಮಾರಿಯಾಳ ಧ್ವನಿ ಮೊದಲು ಕಟ್ಟಿದಾಗಲೂ ಅವನು ಹೀಗೆಯೇ ಮುಟ್ಟಿ ನೋಡದೆ ಮಾತಾಡಿದ್ದ. ಅವನ ಲಂಗಾರಿಗೆ ಬರುವ ಮಕ್ಕಳಲ್ಲೆಲ್ಲ ಅವಳಷ್ಟು ಚೆನ್ನಾಗಿ ಕುರಾನ್ ಓದುವವರು ಯಾರೂ ಇರಲಿಲ್ಲ. ಹೊಗೆಸೊಪ್ಪು ಹೆಚ್ಚುವ ಬುಸಿರಿಯ ಮಗಳು, ಮುಂದಿನ ಎರಡು ಹಲ್ಲು ಆಗ ತಾನೇ ಬಂದಿದ್ದವು, ಉಸಿರು ಹಿಡಿದರೆ ಒಂದು ಇಡೀ ಸಾಲನ್ನು ಎಲ್ಲೂ ಮುರಿಯದೆ ಎಳೆಯುತ್ತಿದ್ದಳು. ಆ ಸಂಜೆ ಸಾಲಿನ ನಡುವೆ ಅವಳ ಧ್ವನಿ ಕರಕರ ಎಂದಿತು. ಹುಣಸೇಕಾಯಿ ತಿಂದಿದ್ದೀಯಾ ಎಂದು ಅವನು ಗದರಿದ, ಮಕ್ಕಳೆಲ್ಲ ನಕ್ಕರು, ಅವಳು ಇಲ್ಲ ಎಂದು ತಲೆಯಾಡಿಸಿ ಗಂಟಲು ಹಿಡಿದುಕೊಂಡಳು. ಅವನು ಅವಳನ್ನು ಹತ್ತಿರ ಕರೆದು, ಗಲ್ಲ ಎತ್ತಿ, ಓದಿ, ಗಂಟಲ ಮೇಲೆ ಊದಿದ. ಅವನ ಅಪ್ಪ ಊದುತ್ತಿದ್ದ, ಅಪ್ಪನ ಅಪ್ಪ ಊದುತ್ತಿದ್ದ. ಹುಟ್ಟಿದ ಕೂಸಿನ ನೆತ್ತಿಗೆ, ಪರೀಕ್ಷೆಗೆ ಹೋಗುವವನ ಪೆನ್ನಿಗೆ, ಹೊಸ ಮೋಟಾರುಬೈಕಿನ ಚಕ್ರಕ್ಕೆ, ಹೆರಿಗೆಯ ನೋವು ಬಂದವಳು ಕುಡಿಯುವ ನೀರಿಗೆ. ಊದುವಾಗ ಅವನು ತನ್ನನ್ನೇ ಮರೆಯುತ್ತಿದ್ದ. ಅವಳ ಬಾಯಿಂದ ಏನೋ ಸಿಹಿಯಾದ, ಕೊಳೆತ ಹಣ್ಣಿನಂಥ ವಾಸನೆ ಬಂದದ್ದು ನೆನಪಿದೆ. ವಾಸನೆ ಬಂದಾಗ ಅವನು ಮುಖ ಹಿಂದೆಳೆದನೇ, ಇಲ್ಲ ಮುಂದೆ ಬಾಗಿದನೇ? ಮುಂದೆಯೇ ಬಾಗಿರಬೇಕು. ಹಾಗಾದರೆ ಅದು ಅವಳಿಂದ ತನಗೆ ಬಂತು. ಆದರೆ ಅದಕ್ಕೆ ಮೊದಲೂ ದಿನಾ ಸಂಜೆ ಮನೆಗೆ ಹೊರಟ ಎಲ್ಲ ಮಕ್ಕಳ ನೆತ್ತಿಗೂ ಅವನು ಊದುತ್ತಿದ್ದನಲ್ಲ. ಹಾಗಾದರೆ?

ಮಾರನೆಯ ದಿನ ಅವಳು ಬರಲಿಲ್ಲ. ಕತ್ತು ಊದಿಕೊಂಡಿದೆ ಎಂದು ಅಜ್ಜಿ ಹೇಳಿಕಳಿಸಿದಳು. ಅವನು ನೋಡಲು ಹೋದಾಗ ಆ ಮಗುವಿನ ಕತ್ತಿಗೆ ಕಿವಿಯಿಂದ ಕಿವಿಯವರೆಗೆ ಬಟ್ಟೆಗೆ ಹಾಕುವ ನೀಲಿಯನ್ನು ಬಳಿದಿದ್ದರು. ಮಂಗನಬಾವು ಬಂದವರಿಗೆಲ್ಲ ಬಳಿಯುವುದೇ ಹಾಗೆ. ಅವನಿಗೂ ಚಿಕ್ಕಂದಿನಲ್ಲಿ ಬಳಿದಿದ್ದರು, ನೀಲಿ ಕತ್ತಿನಲ್ಲಿ ಅವನು ಊರೆಲ್ಲ ಸುತ್ತಿ ಹುಡುಗಿಯರನ್ನು ಹೆದರಿಸಿದ್ದ. ಅಜ್ಜಿ ಮಂಗನಬಾವು ಅಲ್ಲವೇ ಗುರುಗಳೇ ಎಂದಳು. ಅವನು ಹೌದು ಎಂದ. ಬಾಯಿ ತೆಗೆಸಿ ನೋಡೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಊತ ಕತ್ತಿನಲ್ಲಿದೆ, ನೀಲಿಯೂ ಕತ್ತಿನಲ್ಲಿದೆ, ಬಾಯಿಗೂ ಅದಕ್ಕೂ ಏನು ಸಂಬಂಧ? ಉಸಿರು ಎಳೆಯುವಾಗ ಗರಗಸದ ಸದ್ದು ಬರತೊಡಗಿದ ಮೇಲೆ ನರ್ಸ್ ಸುಲಾಸ್ತ್ರಿ ಬಂದು ಚಮಚದ ಹಿಡಿಯಿಂದ ನಾಲಗೆ ಒತ್ತಿ ನೋಡಿದಳು. ಒಳಗೆ ಗಂಟಲಿಗೆ ಅಡ್ಡಲಾಗಿ ಬೂದು ಬಣ್ಣದ ಒಂದು ಪೊರೆ, ಹಾಲು ಕೆನೆಗಟ್ಟಿದ ಹಾಗೆ. ಅಜ್ಜಿ ಅದನ್ನು ಬಟ್ಟೆಯಿಂದ ಒರೆಸಲು ಹೋದಳು. ಮುಟ್ಟಬೇಡಿ, ಕಿತ್ತರೆ ರಕ್ತ ಬರುತ್ತದೆ ಎಂದು ಸುಲಾಸ್ತ್ರಿ ಕೈ ಹಿಡಿದಳು. ಅವಳು ಆಸ್ಪತ್ರೆಯ ಗಾಡಿಗೆ ಫೋನು ಮಾಡುತ್ತಿದ್ದಾಗಲೂ ಮತ್ರಾವಿಯ ತುಟಿ ತನ್ನಷ್ಟಕ್ಕೆ ಓದುತ್ತಲೇ ಇತ್ತು, ಕಣ್ಣು ಮುಚ್ಚಿ ಅವನು ಆ ಕೋಣೆಯ ಗಾಳಿಗೆಲ್ಲ ಊದಿದ.

ಪೇಟೆಯ ಆಸ್ಪತ್ರೆಯಲ್ಲಿ ಕುದುರೆಯ ರಕ್ತದಿಂದ ತೆಗೆದ ಔಷಧವನ್ನು ಅವಳ ನರಕ್ಕೆ ಇಳಿಸಿದರಂತೆ. ಹುಳವನ್ನು ಕೊಲ್ಲಲು ಬೇರೆ ಔಷಧ, ಹುಳ ಕಕ್ಕಿದ ವಿಷಕ್ಕೆ ಇದು. ಮೈಯೊಳಗೆ ಆಗಲೇ ಅಂಟಿಕೊಂಡ ವಿಷವನ್ನು ಮಾತ್ರ ಯಾವುದೂ ಬಿಡಿಸುವುದಿಲ್ಲ. ಅದು ಹೃದಯಕ್ಕೆ ಹೋಗಿ ಕೂರಬಹುದು ಎಂದು ಸುಲಾಸ್ತ್ರಿ ನಿನ್ನೆ ಲಂಗಾರಿನ ಮೆಟ್ಟಿಲಿನ ಕೆಳಗೆ ನಿಂತು ವಿವರಿಸಿದ್ದಳು. ಗಂಟಲು ತಿಳಿಯಾಗಿ, ಮಗು ಉಂಡು ಆಡಿ ಮಾಡುವಾಗಲೇ, ಎದ್ದು ನಾಲ್ಕು ಹೆಜ್ಜೆ ಹಾಕಿದ್ದಕ್ಕೇ ಹೃದಯ ನಿಂತುಹೋಗಬಹುದು. ಅದಕ್ಕೇ ಅಲ್ಲಾಡದೆ ಮಲಗಿಸಿರುತ್ತಾರೆ. ಅವಳು ಆಚೆ ದ್ವೀಪದಿಂದ ಬಂದವಳು, ಜಾವಾದ ಮೆದು ಮಾತಿನವಳು, ಎಲ್ಲವನ್ನೂ ತಪ್ಪು ತನ್ನದೇ ಎನ್ನುವ ಹಾಗೆ ತಗ್ಗಿ ಹೇಳುತ್ತಿದ್ದಳು. ಕೆಲವರಿಗೆ ಹೀಗೇ, ಅವರಿಗೆ ಏನೂ ಆಗುವುದಿಲ್ಲ, ಆದರೆ ಮಾತಾಡಿದಾಗ, ಕೆಮ್ಮಿದಾಗ ಉಸಿರಿನ ತುಂತುರಿನಲ್ಲಿ ಅದು ಹೊರಗೆ ಹೋಗುತ್ತದೆ, ಲಸಿಕೆಯ ಸೂಜಿ ಹಾಕಿಸಿಕೊಳ್ಳದ ಮಗು ಸಿಕ್ಕಿದರೆ ಅಲ್ಲಿ ಬೆಳೆಯುತ್ತದೆ ಎಂದಳು. ಆಮೇಲೆ ತನ್ನ ಚಪ್ಪಲಿಯನ್ನು ನೋಡುತ್ತ, "ಊದಿದಾಗಲೂ, ಗುರುಗಳೇ" ಎಂದಳು. ನನ್ನಿಂದ ಅವಳಿಗೋ ಅವಳಿಂದ ನನಗೋ ಎಂದು ಅವನು ಕೇಳಿದ. ಅದು ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಕಡ್ಡಿಯನ್ನು ಇನ್ನೊಮ್ಮೆ ಹಾಕಿ ನೋಡಿದರೆ? ಆಗಲೂ ಇಲ್ಲ. ದೇವರಿಗಲ್ಲದೆ ಇನ್ನಾರಿಗೂ ತಿಳಿಯದ ಸಂಗತಿಗಳಿವೆ ಎಂದು ಮಕ್ಕಳಿಗೆ ದಿನಾ ಹೇಳಿಕೊಡುತ್ತಿದ್ದವನು ಅವನೇ. ಅಂಥದ್ದೊಂದು ತನ್ನ ಗಂಟಲಲ್ಲೇ ಬಂದು ಕೂತಾಗ ಅವನಿಗೆ ಸಿಟ್ಟು ಬಂತು.

ಮತ್ತು ಆ ಸೂಜಿ. ಕಮಾರಿಯಾ ಕೂಸಾಗಿದ್ದಾಗ ಸೂಜಿಯವರು ಬಂದ ದಿನ ಬುಸಿರಿ ಓಡಿಬಂದು, ಹಾಕಿಸಬಹುದೇ, ಅದರೊಳಗೆ ನಿಷಿದ್ಧವಾದದ್ದು ಏನೇನೋ ಇದೆಯಂತಲ್ಲ ಎಂದು ಕೇಳಿದ್ದ. ಮತ್ರಾವಿ ತನಗೆ ತಿಳಿಯದು ಎಂದಿದ್ದ. ತಿಳಿಯದ್ದನ್ನು ತಿಳಿಯದು ಎನ್ನುವುದು ವಿನಯ ಎಂದೇ ಅವನು ಅಂದುಕೊಂಡಿದ್ದ. ಗುರುಗಳಿಗೆ ಮನಸ್ಸಿಲ್ಲ ಎಂದು ಊರು ಅರ್ಥಮಾಡಿಕೊಂಡಿತು. ಸೂಜಿಯವರು ಹೋಗುವವರೆಗೆ ಬುಸಿರಿಯ ಹೆಂಡತಿ ಹಾಲಿಯಾ ಕೂಸನ್ನೆತ್ತಿಕೊಂಡು ಉಪ್ಪಿನ ಗದ್ದೆಯ ಕಡೆ ಹೋಗಿ ಕೂತಿದ್ದಳಂತೆ. ಈಗ ಶಾಲೆಯಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾಕುತ್ತಿದ್ದಾರೆ, ಗಾಳಿ ಈ ಕಡೆ ಬೀಸಿದಾಗ ಅಳು ಕೇಳಿಸುತ್ತದೆ. ಅಳಲಿ, ಚೆನ್ನಾಗಿ ಅಳಲಿ ಎಂದು ಅವನು ಗಟ್ಟಿಯಾಗಿ ಹೇಳಿ, ಹೇಳಿದ್ದಕ್ಕೆ ಬಾಯಿ ಮುಚ್ಚಿಕೊಂಡ.

ಬುಸಿರಿಯ ಮೋಟಾರುಬೈಕು ಅಂಗಳದೊಳಗೆ ಬಂದದ್ದು ಆಗಲೇ. ಅತಿಥಿ ಎಂದರೆ ಲಂಗಾರಿಗೇ ಬರಬೇಕು, ಅವನು ನೇರ ಅಲ್ಲಿಗೇ ಬಂದ. ಮತ್ರಾವಿ ಬೇಗ ಹಿಂದೆ ಸರಿದು ಗೋಡೆಗೆ ಒರಗಿ, ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಸುತ್ತಿಕೊಂಡ. ಬುಸಿರಿಗೆ ಅದು ಮೌನದ ನೇಮವೆಂದು ಕಂಡಿರಬೇಕು, ಅವನು ಮೆಟ್ಟಿಲ ಮೇಲೆಯೇ ಮಂಡಿಯೂರಿ ಕೂತ. ಅವನ ಮುಖ ಬೆಳಗಿತ್ತು. ಅವನ ಬೆರಳುಗಳೆಲ್ಲ ಹೊಗೆಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು, ಆ ಬೆರಳುಗಳಲ್ಲಿ ಒಂದು ನೀರಿನ ಬಾಟಲಿ ಇತ್ತು. ಕಮಾರಿಯಾ ಹುಷಾರಾಗಿದ್ದಾಳೆ, ಪೊರೆ ಹೋಗಿದೆ, ಕತ್ತು ಇಳಿದಿದೆ, ನಿನ್ನೆ ಎರಡು ಬಟ್ಟಲು ಗಂಜಿ ಕುಡಿದು ಮೀನು ಬೇಕೆಂದು ಹಟಮಾಡಿದಳು ಎಂದು ಅವನು ಒಂದೇ ಉಸಿರಿಗೆ ಹೇಳಿದ. ಡಾಕ್ಟರು ಮಾತ್ರ ಇನ್ನೂ ಮಲಗಿಸಿರಬೇಕು ಎನ್ನುತ್ತಾರೆ, ಬಚ್ಚಲಿಗೂ ಇಳಿಸಬಾರದಂತೆ, ಚೆನ್ನಾಗಿರುವ ಮಗುವನ್ನು ಕಟ್ಟಿಹಾಕಿದ ಹಾಗೆ. ಹಾಲಿಯಾ ಅಲ್ಲಿ ನೆಲದ ಮೇಲೆ ಮಲಗಿ ಮಲಗಿ ಸೊರಗಿದ್ದಾಳೆ, ಇಲ್ಲಿ ಸೊಪ್ಪು ಕೊಯ್ಲಿಗೆ ಬಂದು ಹಣ್ಣಾಗುತ್ತಿದೆ. ಇವತ್ತೇ ಕರೆದುಕೊಂಡು ಬರುವುದೆಂದು ತೀರ್ಮಾನಿಸಿದ್ದಾರೆ.

"ನೀವು ಇದಕ್ಕೊಂದು ಸಲ ಊದಿಕೊಟ್ರೆ ಸಾಕು. ಕುಡಿಸಿ ಎಬ್ಬಿಸಿಕೊಂಡು ಬರ್ತೀನಿ. ನೀವು ಹೂಂ ಅಂದ ಮೇಲೆ ಆ ಡಾಕ್ಟರದ್ದೇನು?"

ಅಪ್ಪ, ಅಮ್ಮ, ಗುರು, ಆಮೇಲೆ ದೊರೆ. ಈ ಮಣ್ಣಿನಲ್ಲಿ ಮಗುವಿಗೆ ಮೊದಲು ಕಲಿಸುವ ಲೆಕ್ಕ ಅದು. ಡಾಕ್ಟರು ದೊರೆಯ ಕಡೆಯವನು. ಮತ್ರಾವಿಗೆ ಎಲ್ಲವೂ ಒಟ್ಟಿಗೆ ಕಂಡಿತು, ಒಟ್ಟಿಗೆ ಕಂಡದ್ದರಿಂದ ಯಾವುದೂ ಸರಿಯಾಗಿ ಕಾಣಲಿಲ್ಲ. ಬೇಡ ಎನ್ನಬೇಕು. ಬೇಡ ಎಂದರೆ ಯಾಕೆ ಎನ್ನುತ್ತಾನೆ. ಹೃದಯ ಎಂದರೆ ಡಾಕ್ಟರ ಮಾತನ್ನೇ ಗಿಳಿಪಾಠ ಒಪ್ಪಿಸಿದ ಹಾಗಾಗುತ್ತದೆ, ಅದನ್ನು ಅವನು ಆಗಲೇ ಕೇಳಿ ಬಿಟ್ಟಿದ್ದಾನೆ. ನನ್ನ ಉಸಿರಲ್ಲಿ ಹುಳವಿದೆ, ಅದಕ್ಕೇ ಊದಲಾರೆ ಎನ್ನಬೇಕು. ಬಾಯಿ ತೆರೆದ. ಬುಸಿರಿ ಬಾಟಲಿಯ ಮುಚ್ಚಳ ತಿರುಗಿಸಿ, ಎರಡೂ ಕೈಗಳಲ್ಲಿ ಅದನ್ನು ಹಲಗೆಯ ಮೇಲೆ ಮುಂದೆ ನೂಕಿ, ತಲೆ ತಗ್ಗಿಸಿದ. ನೀರು ಕೇಳಿ ಬಂದವರನ್ನು ಈ ಚಾವಡಿಯಿಂದ ಯಾರೂ ಬರಿಗೈಲಿ ಕಳಿಸಿದ್ದಿಲ್ಲ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆಗ ಅವನಿಗೊಂದು ಉಪಾಯ ಹೊಳೆಯಿತು, ಎಷ್ಟು ಸುಲಭವಾಗಿ ಹೊಳೆಯಿತೆಂದರೆ ಅದು ಒಳ್ಳೆಯದೇ ಇರಬೇಕೆಂದು ಅನ್ನಿಸಿತು. ಪಶ್ಚಿಮಕ್ಕೆ ತಿರುಗಿ ಬುಸಿರಿಗೆ ಬೆನ್ನು ಮಾಡಿದ. ಬಾಟಲಿಯನ್ನು ಮುಖದಿಂದ ದೂರ ಹಿಡಿದ. ವಸ್ತ್ರದೊಳಗೇ ತುಟಿ ಆಡಿಸಿದ. ಕೊನೆಗೆ ಭುಜ ಮೇಲೆತ್ತಿ, ಕೆನ್ನೆ ಉಬ್ಬಿಸಿ, ಉಸಿರನ್ನು ಒಳಗೇ ಹಿಡಿದುಕೊಂಡು, ಮೂರು ಸಲ ತಲೆ ಬಾಗಿಸಿದ. ಬಾಟಲಿಯಲ್ಲಿ ನೀರು ಅಲ್ಲಾಡಲೇ ಇಲ್ಲ.

ಬುಸಿರಿ ಮುಚ್ಚಳ ಬಿಗಿದು ಬಾಟಲಿಯನ್ನು ಹಣೆಗೆ ಒತ್ತಿಕೊಂಡು ಹೊರಟುಹೋದ. ಬೈಕಿನ ಸದ್ದು ದೂರವಾಗುವವರೆಗೆ ಮತ್ರಾವಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅವನು ಯಾರನ್ನೂ ಬರಿಗೈಲಿ ಕಳಿಸಲಿಲ್ಲ, ಯಾರಿಗೂ ಹುಳ ಕೊಡಲಿಲ್ಲ. ನರ್ಸ್ ಸುಲಾಸ್ತ್ರಿಗೆ ಹೇಳಿದರೆ ಅವಳೂ ಮೆಚ್ಚಿಯಾಳು. ಆಮೇಲೆ ಅವನು ಮೀನಿನ ಮುಳ್ಳು ಬಿಡಿಸುತ್ತ ಕೂತ. ಮುಳ್ಳು ಬಿಡಿಸುವಾಗ ಕಮಾರಿಯಾ ಮೀನು ಬೇಕೆಂದು ಹಟಮಾಡಿದ್ದು ನೆನಪಾಯಿತು. ಹಟಮಾಡಿದವಳು ಎದ್ದು ಕೂತಿರಬೇಕು. ಕೂತರೆ ಪರವಾಗಿಲ್ಲವೇನೋ, ನಿಂತರೆ ಮಾತ್ರ ತಾನೆ? ಅಥವಾ ಕೂತರೂ? ಅಪ್ಪ ಬಾಟಲಿ ತೋರಿಸುತ್ತಾನೆ, ಗುರುಗಳು ಊದಿದ್ದಾರೆ ಎನ್ನುತ್ತಾನೆ, ಅವಳು ಕುಡಿಯುತ್ತಾಳೆ, ಬೈಕಿನ ಮೇಲೆ ಅಮ್ಮನ ಮುಂದೆ ಕೂರುತ್ತಾಳೆ, ದಾರಿಯ ಗುಂಡಿಗಳಲ್ಲಿ ಎದ್ದು ಬೀಳುತ್ತ ಬರುತ್ತಾಳೆ, ಬಂದವಳು ಓಡಿಕೊಂಡು ಈ ಮೆಟ್ಟಿಲು ಹತ್ತುತ್ತಾಳೆ. ಮುಳ್ಳು ಅವನ ಕೈಯಲ್ಲೇ ಉಳಿಯಿತು. ಊದದೆ ಇದ್ದದ್ದರಿಂದ ನೀರು ಕೆಡಲಿಲ್ಲ, ಸರಿ. ಆದರೆ ಬುಸಿರಿ ಬಂದದ್ದು ನೀರಿಗಲ್ಲ. ಅಪ್ಪಣೆಗೆ. ಆ ಅಪ್ಪಣೆಯನ್ನು ಅವನು ಕೆನ್ನೆ ಉಬ್ಬಿಸಿ, ತಲೆ ಬಾಗಿಸಿ ಕೊಟ್ಟಾಗಿತ್ತು.

ಅವನು ಮೆಟ್ಟಿಲಿಳಿದು ಅಂಗಳಕ್ಕೆ ಬಂದದ್ದನ್ನು ಕಂಡು ಜುಹೈರಿಯಾ ಸೊಪ್ಪಿನ ತಟ್ಟಿ ಬಿಟ್ಟು ಎದ್ದಳು. ಅವನು ದೂರದಿಂದಲೇ ನಡೆದದ್ದನ್ನು ಹೇಳಿದ. ಹೇಳುವಾಗ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಅವಳು ಬುಸಿರಿಗೆ ಫೋನು ಮಾಡಿದಳು, ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು, ಬೈಕಿನ ಮೇಲಿರುವವನಿಗೆ ಕೇಳಿಸದು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಜಗಳವಾಡಲು ಏನಾದರೂ ಸಿಗುತ್ತಿತ್ತು.

"ಪೆಟ್ರೋಲಿಗೆ ಅವನು ಕೂಡುರಸ್ತೆ ಅಂಗಡಿ ಹತ್ತಿರ ನಿಂತೇ ನಿಲ್ತಾನೆ. ಎಲ್ಲರೂ ನಿಲ್ತಾರೆ," ಎಂದಳು. ಆಮೇಲೆ, "ನಾನು ಹೋಗಿ ಹೇಳಿದರೆ ನಂಬಲ್ಲ. ನೀವೇ ಹೋಗ್ಬೇಕು," ಎಂದಳು.

ಗದ್ದೆಯ ಬದುವಿನ ಮೇಲೆ ಅಡ್ಡದಾರಿ ಹಿಡಿದ. ಟೋಪಿ ಹಾಕಿಕೊಳ್ಳುವುದನ್ನು ಮರೆತಿದ್ದ, ಬರಿತಲೆಯಲ್ಲಿ ಬಿಸಿಲು ಸುಡುತ್ತಿತ್ತು, ಮಾತ್ರೆಯ ಕಹಿ ಗಂಟಲಿಗೆ ಬರುತ್ತಿತ್ತು. ಓಡುವಾಗ ಏದುಸಿರು ಬಂದು, ಒಂದೊಂದು ಉಸಿರೂ ವಸ್ತ್ರದಿಂದ ತೂರಿ ಎದುರಿನ ಹೊಗೆಸೊಪ್ಪಿನ ಗಿಡಗಳ ಮೇಲೆ ಹರಡುತ್ತಿದೆ ಅನ್ನಿಸಿತು, ಗಿಡಕ್ಕೆ ಗಂಟಲಿದೆಯೇ ಎಂದು ತನ್ನನ್ನೇ ಬೈದುಕೊಂಡ. ಏನು ಹೇಳಬೇಕೆಂದು ಜೋಡಿಸಿಕೊಂಡ. ಬುಸಿರಿಯನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು, ಕಿವಿಯಲ್ಲಿ, ಮೆತ್ತಗೆ. ಕೆಟ್ಟ ಸುದ್ದಿಗಳನ್ನು ಅವನು ಯಾವಾಗಲೂ ಹಾಗೆಯೇ ಹೇಳುತ್ತಿದ್ದದ್ದು. ಸತ್ತವರ ಮನೆಗೆ ಅದಕ್ಕೆಂದೇ ಅವನನ್ನು ಮೊದಲು ಕರೆಯುತ್ತಿದ್ದರು.

ಅಂಗಡಿಯ ಮುಂದೆ ಗಾಜಿನ ಬಾಟಲಿಗಳಲ್ಲಿ ಪೆಟ್ರೋಲು ಸಾಲಾಗಿ ನಿಂತಿತ್ತು. ಬುಸಿರಿ ಇದ್ದ. ಸುತ್ತ ಬೆಂಚಿನ ಮೇಲೆ ಕಾಫಿ ಕುಡಿಯುತ್ತ ಊರಿನ ಗಂಡಸರೂ ಇದ್ದರು. ಎಲ್ಲರೂ ಅವನ ಮುಂದೆ ಕಾಲು ಮಡಿಸಿ ಕೂತು ಅಕ್ಷರ ಕಲಿತವರೇ. ಗುರುಗಳು ಬರಿತಲೆಯಲ್ಲಿ ಓಡಿ ಬರುವುದನ್ನು ಕಂಡು ಎಲ್ಲರೂ ಎದ್ದರು, ಕೈಗೆ ಮುತ್ತಿಡಲು ಇಬ್ಬರು ಮುಂದೆ ಬಂದರು. ಅವನು ಎರಡೂ ಕೈ ಚಾಚಿ ತಡೆದು ರಸ್ತೆಯ ಈ ಬದಿಯಲ್ಲೇ ನಿಂತುಬಿಟ್ಟ. ಕಿವಿಯಲ್ಲಿ ಹೇಳಬೇಕಾದರೆ ಹತ್ತಿರ ಹೋಗಬೇಕು. ಹತ್ತಿರ ಹೋಗುವ ಹಾಗಿಲ್ಲ. ಇದು ಅವನಿಗೆ ಓಡಿ ಬರುವಾಗ ಹೊಳೆದೇ ಇರಲಿಲ್ಲ. ಲಾರಿಯೊಂದು ನಡುವೆ ಹಾದುಹೋಯಿತು. ಅದು ಹೋಗುವಷ್ಟು ಹೊತ್ತು ಅವನು, ಇದು ನಿಲ್ಲದೆ ಹೋಗುತ್ತಲೇ ಇರಲಿ ಎಂದು ಬೇಡಿಕೊಂಡ. ಹೇಳಬೇಕಾದದ್ದನ್ನು ಕೂಗಿ ಹೇಳಬೇಕಾಯಿತು.

"ಬುಸಿರಿ, ಮಗಳನ್ನ ಎಬ್ಬಿಸಬೇಡ. ನಾನು ಆ ನೀರಿಗೆ ಊದಿಲ್ಲ."

ಬುಸಿರಿ ಬೈಕಿಗೆ ನೇತುಹಾಕಿದ್ದ ಬಾಟಲಿಯನ್ನು ನೋಡಿದ, ಅವನನ್ನು ನೋಡಿದ. ಅರ್ಥವಾದ ಹಾಗೆ ಕಾಣಲಿಲ್ಲ.

"ನನ್ನ ಗಂಟಲಲ್ಲೂ ಅದೇ ಹುಳ ಇದೆ. ನರ್ಸ್ ನೋಡಿ ಹೇಳಿದ್ದಾಳೆ. ಮೌನ ಅಂದಿದ್ದು ಸುಳ್ಳು. ಊದಿದ ಹಾಗೆ ಮಾಡಿ ನಿನಗೆ ಮೋಸ ಮಾಡಿದೆ."

ಮುಂದೆ ಬಂದಿದ್ದ ಇಬ್ಬರು ಹಿಂದೆ ಸರಿದರು. ಅವರು ಬೇಕೆಂದು ಸರಿದದ್ದಲ್ಲ, ಕಾಲು ತಾನಾಗಿ ಸರಿಯಿತು, ಆಮೇಲೆ ನಾಚಿಕೊಂಡು ಕಾಫಿ ಲೋಟಗಳನ್ನು ಹುಡುಕಿದರು. ಅಂಗಡಿಯವಳು ತನ್ನ ಮೊಮ್ಮಗುವನ್ನು ಒಳಗೆ ಕಳಿಸಿದಳು. ಬುಸಿರಿ ಮಾತ್ರ ಅಲ್ಲೇ ನಿಂತಿದ್ದ. ಅವನ ಮುಖದಲ್ಲಿ ಒಂದು ಲೆಕ್ಕ ನಡೆಯುತ್ತಿತ್ತು, ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಮತ್ರಾವಿಗೆ ಗೊತ್ತಿತ್ತು.

"ಇವತ್ತು ಊದಿಲ್ಲ," ಎಂದ ಬುಸಿರಿ. "ಅವತ್ತು? ಅವಳ ಗಂಟಲಿಗೆ?"

"ಅವತ್ತು ಊದಿದೆ."

ಅವಳಿಂದ ತನಗೆ ಬಂದದ್ದೂ ಇರಬಹುದು, ಯಾರಿಂದ ಯಾರಿಗೆಂದು ಹೇಳಲು ಬರುವುದಿಲ್ಲವಂತೆ ಎನ್ನುವುದು ಮತ್ರಾವಿಯ ನಾಲಗೆಯ ತುದಿಗೆ ಬಂದಿತ್ತು. ಅದು ನಿಜವೂ ಆಗಿತ್ತು. ಅದನ್ನು ಅವನು ಹೇಳಲಿಲ್ಲ. ಹೇಳದೆ ಉಳಿದದ್ದು ಒಳ್ಳೆಯತನವೋ, ತಪ್ಪನ್ನೆಲ್ಲ ಹೊತ್ತುಕೊಂಡು ದೊಡ್ಡವನಾಗುವ ಆಸೆಯೋ ಎಂದು ಆ ಬಿಸಿಲಿನಲ್ಲೂ ಅವನ ಮನಸ್ಸು ತಡಕಾಡುತ್ತಿತ್ತು. ಡಾಕ್ಟರು ಹೇಳಿದ್ದು ಸರಿ, ಗಂಟಲು ವಾಸಿಯಾದರೂ ಹೃದಯದಲ್ಲಿ ವಿಷ ಇರಬಹುದು, ಅವರು ಏಳು ಎನ್ನುವವರೆಗೆ ಅವಳು ನೆಲಕ್ಕೆ ಕಾಲಿಡಬಾರದು, ಇದು ಗುರುವಿನ ಮಾತು ಎಂದು ಅವನು ಕೂಗಿದ. ಬುಸಿರಿ ನಕ್ಕ. ಅದು ನಗುವಿನ ಹಾಗಿರಲಿಲ್ಲ.

"ಯಾವ ಗುರುವಿನ ಮಾತು? ಆಗ ಹೂಂ ಅಂದವರದ್ದೋ, ಈಗ ಬೇಡ ಅಂತಿರೋರದ್ದೋ?"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎಂದು ಬೆಂಚಿನ ಕಡೆಯಿಂದ ಯಾರೋ ಮೆಲ್ಲಗೆ ಹೇಳಿದರು. ನಿಜ ಹೇಳಿದರೆ ಸಾಕು ಎಂದುಕೊಂಡು ಓಡಿಬಂದಿದ್ದ. ನಿಜ ಹೇಳಿದ್ದರಿಂದಲೇ ಅವನ ಮಾತಿಗೆ ಬೆಲೆ ಹೋಗಿತ್ತು, ಆ ಬೆಲೆಯೊಂದೇ ಮಗುವನ್ನು ಹಾಸಿಗೆಯಲ್ಲಿ ಉಳಿಸಬಹುದಾಗಿತ್ತು. ಅವನು ರಸ್ತೆಯ ಮಣ್ಣಿನಲ್ಲಿ ಕೂತುಬಿಟ್ಟ. ಕೂತದ್ದು ದಣಿವಿಗೆ. ನೋಡಿದವರಿಗೆ ಅದು ಬೇರೆ ಏನೋ ಕಂಡಿರಬೇಕು, ಬುಸಿರಿಯ ನಗು ನಿಂತಿತು. ಬುಸಿರಿಯ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ಹಾಲಿಯಾ ವೀಡಿಯೋ ಕರೆಯಲ್ಲಿ, ಎಲ್ಲಿದ್ದೀರಿ, ಇವಳು ಆಗಲೇ ಹೊರಡಲು ಸಿದ್ಧವಾಗಿದ್ದಾಳೆ, ಹೇಳಿದರೆ ಕೇಳುವುದಿಲ್ಲ ಎನ್ನುತ್ತಿದ್ದಳು. ಬುಸಿರಿ ಪರದೆಯನ್ನು ನೋಡಿದ. ಆಮೇಲೆ ರಸ್ತೆ ದಾಟಿ ಬಂದು, ಫೋನನ್ನು ಬದಿಯ ಮೈಲಿಗಲ್ಲಿಗೆ ಒರಗಿಸಿಟ್ಟು, ಹಿಂದೆ ಹೋದ.

"ನೀವೇ ಹೇಳಿ ಅವಳಿಗೆ. ನನ್ನ ಕೈಲಾಗಲ್ಲ," ಎಂದ.

ಮತ್ರಾವಿ ತೆವಳಿಕೊಂಡು ಮೈಲಿಗಲ್ಲಿನ ಹತ್ತಿರ ಹೋದ, ಬಾಯಿಗೆ ವಸ್ತ್ರವನ್ನು ಎರಡು ಸುತ್ತು ಬಿಗಿದುಕೊಂಡು, ಕೈ ಹಿಂದೆ ಕಟ್ಟಿ ದೂರ ಕೂತ. ಪರದೆಯಲ್ಲಿ ಕಮಾರಿಯಾ ಇದ್ದಳು. ಹೊಸ ತಲೆವಸ್ತ್ರ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು, ಕಾಲು ಇಳಿಬಿಟ್ಟು ಆಡಿಸುತ್ತಿದ್ದಳು, ಒಂದು ಕಾಲಿಗೆ ಚಪ್ಪಲಿ ಏರಿತ್ತು. ಮುಖ ಸೊರಗಿ ಕಣ್ಣುಗಳು ದೊಡ್ಡವಾಗಿದ್ದವು. ಗುರುಗಳು ಮುಖಕ್ಕೆ ಯಾಕೆ ಬಟ್ಟೆ ಕಟ್ಟಿದ್ದಾರೆ, ಅಮ್ಮನೂ ಕಟ್ಟಿದ್ದಾಳೆ ಎಂದು ಕೇಳಿದಳು. ಅವಳ ಧ್ವನಿ ಮೂಗಿನಲ್ಲಿ ಬರುತ್ತಿತ್ತು.

"ಚಪ್ಪಲಿ ಬಿಡು ಮಗಳೇ. ಮಲಕ್ಕೋ," ಎಂದ.

"ನೀವು ಊದಿ. ಆಮೇಲೆ ಮಲಕ್ಕೋತೀನಿ."

ಅವನು ತಲೆಯೆತ್ತಿ ಆಚೆ ಬದಿಯನ್ನು ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಫೋನಿಗೆ ಊದಿದರೆ ಅವಳಿಗೆ ತಾಗುವುದಿಲ್ಲ. ಆದರೆ ಈ ಫೋನನ್ನು ಬುಸಿರಿ ಕೈಯಲ್ಲಿ ಹಿಡಿದು ಅವಳ ಹತ್ತಿರ ಹೋಗುತ್ತಾನೆ. ಊದಿದ ಹಾಗೆ ಮಾಡಬಹುದು, ಕೆನ್ನೆ ಉಬ್ಬಿಸಿದರೆ ಸಾಕು, ಮಗು ಒಪ್ಪುತ್ತದೆ. ಅವನ ಕೆನ್ನೆ ಆಗಲೇ ತುಂಬಿಕೊಳ್ಳುತ್ತಿತ್ತು. ಅದು ಗೊತ್ತಾಗಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ನನ್ನ ಉಸಿರು ಚೆನ್ನಾಗಿಲ್ಲ ಈಗ," ಎಂದ. "ನಿನ್ನದೇ ವಾಸಿ. ನೀನು ಊದು, ನನಗೆ. ಮೆತ್ತಗೆ."

ಅವಳು ನಂಬಲಾರದೆ ಅಮ್ಮನ ಕಡೆ ನೋಡಿ ನಕ್ಕಳು. ಅವನು ತಮಾಷೆ ಮಾಡುತ್ತಿಲ್ಲವೆಂದು ಕಂಡ ಮೇಲೆ ನಗು ನಿಲ್ಲಿಸಿದಳು. ಮತ್ರಾವಿ ಆ ರಸ್ತೆಬದಿಯಲ್ಲಿ, ತಾನು ಅಕ್ಷರ ಕಲಿಸಿದವರೆಲ್ಲರ ಎದುರಿಗೆ, ಬರಿತಲೆಯನ್ನು ಫೋನಿನ ಮುಂದೆ ಬಗ್ಗಿಸಿದ. ಆಮೇಲೆ ಅವಳು ಓದಲು ತೊಡಗಿದಳು, ಮೂಗಿನಲ್ಲಿ, ಅರ್ಧಕ್ಕೇ ಉಸಿರು ಮುರಿದು, ಮತ್ತೆ ಹಿಡಿದು, ಅಕ್ಷರವೊಂದನ್ನು ತಪ್ಪಿ. ಅವನು ತಿದ್ದಲಿಲ್ಲ. ಕೊನೆಗೆ ಒಂದು ಸಣ್ಣ ಗಾಳಿಯ ಸದ್ದು ಬಂತು. ಗುರು ನೆತ್ತಿ ಮುಟ್ಟಿದ ಮೇಲೆ ಶಿಷ್ಯ ತಲೆಯೆತ್ತುವುದು ಪದ್ಧತಿ. ಇಲ್ಲಿ ಮುಟ್ಟುವವರು ಯಾರೂ ಇಲ್ಲದ್ದರಿಂದ, ಯಾವಾಗ ಎತ್ತಬೇಕೆಂದು ತಿಳಿಯದೆ ಅವನು ಹಾಗೇ ಇದ್ದ. ಮಂಚ ಕಿರುಗುಟ್ಟಿತು. ಚಪ್ಪಲಿ ನೆಲಕ್ಕೆ ಬಿದ್ದ ಸದ್ದಾಯಿತು.

"ಮಲಗಿದಳು, ಗುರುಗಳೇ," ಎಂದಳು ಹಾಲಿಯಾ ಫೋನಿನೊಳಗಿಂದ.